ವಸ್ತ್ರದಡಿಯ ಬೆರಳು

ಕಥೆಗೆ ಒಬ್ಬ ಮನುಷ್ಯ ಬೇಕು, ಅವನಿಗೊಂದು ಆಸೆ ಬೇಕು, ಆ ಆಸೆಗೊಂದು ಅಡ್ಡಿ ಬೇಕು. ಉಪಮೆ ಮಾತ್ರ ಬರೆಯುವವರು ಕಂಡದ್ದರಿಂದಲೇ ಹುಟ್ಟಬೇಕು. ದೊಡವಾಡದ ಕಡೆಯ ಹಳ್ಳಿಯೊಂದರ ಹೆಣ್ಣುಮಕ್ಕಳ ಶಾಲೆಯಲ್ಲಿ ಮಡಿವಾಳೆಪ್ಪ ಮಾಸ್ತರರು ಇಷ್ಟು ಕಲಿಸಿ, ಕಥೆಯೊಂದನ್ನು ಬರೆದು ತರಲು ಹೇಳಿದ್ದರು. ತಂದವಳು ಲಗಮಪ್ಪನ ಮಗಳು, ಹನ್ನೆರಡರ ಸತ್ಯವ್ವ ಒಬ್ಬಳೇ.

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ ಓದಬೇಕೆಂಬ ಹುಡುಗಿಯ ಕಥೆ ಅದು. 'ಬೈಲಹೊಂಗಲದ ದನದ ಸಂತೆಯಲ್ಲಿ ದಲಾಲರು ವಸ್ತ್ರದಡಿ ಬೆರಳು ಹಿಡಿದು ಬೆಲೆ ಕಟ್ಟುವಂತೆ, ಅಪ್ಪನೂ ಮುದಿ ವರನೂ ಅವಳ ತೆರ, ಹೆಣ್ಣಿನ ಬೆಲೆ, ಕಟ್ಟಿದರು.'

ಮಾಸ್ತರರಿಗೆ ಹಿಗ್ಗೋ ಹಿಗ್ಗು. ಬಹುಮಾನ ಕೊಡುವ ದಿನ ಊರವರೆದುರು ತಾವೇ ಗಟ್ಟಿಯಾಗಿ ಓದಿದರು. "ಕೇಳಿದ್ರೇನ್ರಿ, ಹುಡುಗಿ ಕಲ್ಪನಾ ಹೆಂಗೈತಿ!"

"ಲಗಮಪ್ಪಾ, ನಿನ್ನ ವಸ್ತ್ರ ಝಾಡಸೋ," ಎಂದು ಸಭೆಯಲ್ಲಿದ್ದ ಗಂಗಪ್ಪ ಕೂಗಿದ, "ನಿನ್ನ ಅಳಿಯ ಆಗೂ ಮುದುಕ, ಹೂಲಿ ರಾಮಲಿಂಗಪ್ಪನ ಬೆರಳು ಅದರಾಗ ಉಳದೀತು!"

ಸಭೆ ಬಿದ್ದು ಬಿದ್ದು ನಕ್ಕಿತು. ಲಗಮಪ್ಪ ಎದ್ದು ಮಗಳ ರಟ್ಟೆ ಹಿಡಿದು ಎಳೆದೊಯ್ದ.

ಸಂಜೆ ಮಾಸ್ತರರು ಅವನ ಮನೆಗೆ ಹೋದರು. ಲಗಮಪ್ಪ ಬಾಗಿಲಲ್ಲೇ ತಡೆದ.

"ಸಾಲಿ ಕಲಸ್ರಿ ಅಂದ್ರ ನನ್ನ ಮನಿ ಮಾನ ಓದಿ ತೋರಿಸಿದ್ರಿ. ಮುಂದಿನ ವರ್ಷದ ಲಗ್ನ ಈ ವಾರನ ಮಾಡತೇನಿ."

"ಅದು ಬರೇ ಉಪಮೆರಿ, ಲಗಮಪ್ಪ! ಕಥಿ!"

"ಅಲ್ಲರಿ, ಮಾಸ್ತರ," ಒಳಗಿನಿಂದ ಸತ್ಯವ್ವ ಅಳುತ್ತ ಅಂದಳು. "ಪಡಸಾಲ್ಯಾಗ ಕುಂತು ಖರೇನ ಬೆರಳು ಹಿಡದಿದ್ರು, ನಾ ನೋಡೇನಿ. ನೀವು ಉಪಮೆ ಬೇಕಂದ್ರಿ, ಅದಕ್ಕ ಸಂತಿ ಬರದೆ. ಓದಿದ ಮ್ಯಾಲ ನೀವರ ಅಪ್ಪಗ ಬ್ಯಾಡಂತ ಹೇಳತೀರಿ ಅಂತ…"

ಲಗಮಪ್ಪ ಕದ ಹಾಕಿದ.

ಮಗುವೊಂದು ಕಾಪಾಡಿರೆಂದು ಕೈ ಚಾಚಿದರೆ ತಾವು ಹೊಗಳಿದ್ದು ಆ ಕೈಯ ಬಳೆಯನ್ನು ಎಂದು ಮಾಸ್ತರರಿಗೆ ಆಗ ಹೊಳೆಯಿತು! ನಕ್ಕವರೆಲ್ಲ ಮಕ್ಕಳೊಂದಿಗರು, ಹುಡುಗಿಯ ಗತಿಯೇನೆಂದು ಒಬ್ಬನಾದರೂ ಕೇಳಲಿಲ್ಲ. ಮರುದಿನ ಮಾಸ್ತರರು ಹಿರಿಯರ ಮನೆಮನೆಗೆ ಹೋಗಿ ಬೇಡಿಕೊಂಡರು. "ತೆರ ತಗೊಳ್ಳೂದು ಹೊಸಾದೇನ್ರಿ?" ಎಂದು ಎಲ್ಲರೂ ಅಡಿಕೆ ಮುಂದಿಟ್ಟು ಉಪಚರಿಸಿ ಕಳಿಸಿದರು.

ಶುಕ್ರವಾರ ಮದುವಣಗಿತ್ತಿಯನ್ನು ಕೂಡಿಸಿಕೊಂಡು ಹೂಲಿಯ ಚಕ್ಕಡಿ ಹೊರಟು ನಿಂತಿತ್ತು. ಮಡಿವಾಳೆಪ್ಪನವರು ಓಡಿಹೋಗಿ ಎತ್ತಿನ ಮೂಗುದಾರ ಹಿಡಿದರು. ರಾಮಲಿಂಗಪ್ಪನ ಆಳೊಬ್ಬ ನಗುತ್ತಲೇ ಅವರ ಕೈ ಬಿಡಿಸಿದ.

"ಬಾಜೂಕ ಸರೀರಿ, ಮಾಸ್ತರ. ಹೊತ್ತಾಗತೈತಿ."

ಅರಿಷಿಣ ಬಳಿದ ಸತ್ಯವ್ವ ತಲೆ ಎತ್ತಲಿಲ್ಲ. ಚಕ್ಕಡಿ ಹೂಲಿಗೆ ಹೋಗುವ ಸವದತ್ತಿಯ ಹಾದಿ ಹಿಡಿಯಿತು.