ದೀಪದ ಮೇಲೆ ಬೊಟ್ಟು

ನಿಂಬೆಹಣ್ಣಿಗೆ ಗಾಡಿ ರಿಪೇರಿ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಟ್ಟಾಗುವವರು ಆಗಲಿ, ನನಗೆ ಈಗಾಗಲೇ ಊರಿಗಾಗುವಷ್ಟು ಸಿಟ್ಟು ಬಂದಿದೆ.

ನಾನು ಜಕ್ಕಮ್ಮ, ಘಟ್ಟದ ಬುಡದಲ್ಲಿರುವ ಬೋಡಿ ಊರಿನವಳು. ನಮ್ಮ ಬೀದಿಯ ಹದಿಮೂರು ಹೆಂಗಸರು ದಿನಾ ಬೆಳಿಗ್ಗೆ ಆರಕ್ಕೆ ಮೊಕ್ಕರಾಜನ ಜೀಪು ಹತ್ತುತ್ತಿದ್ದೆವು. ಘಾಟಿ ಏರಿ, ಅದರ ನೆತ್ತಿಯ ಬೋಡಿಮೆಟ್ಟು ದಾಟಿ, ಏಲಕ್ಕಿ ತೋಟಕ್ಕೆ ಹೋಗಿ ಕಾಯಿ ಕೀಳುತ್ತಿದ್ದೆವು. ಸಂಜೆ ಅದೇ ಜೀಪಿನಲ್ಲಿ ಇಳಿಯುತ್ತಿದ್ದೆವು. ಮೊಕ್ಕರಾಜ ಕೆಟ್ಟವನಲ್ಲ. ಕುಡಿಯುವುದಿಲ್ಲ, ಬಾಯಿ ಕೆಟ್ಟದ್ದಲ್ಲ. ಆದರೆ ಒಳ್ಳೆಯವನ ಮೊಂಡುತನ ಇದೆಯಲ್ಲ, ಅದು ಕುಡುಕನ ಮೊಂಡುತನಕ್ಕಿಂತ ಅಪಾಯ.

ಆಷಾಢದ ಆಡಿ ತಿಂಗಳು ಮುಗಿಯುವ ಹೊತ್ತಿಗೆ ಜೀಪಿನ ಸ್ಟೇರಿಂಗಿನ ಹಿಂದೆ ಕಿತ್ತಳೆ ಬಣ್ಣದ ಒಂದು ಪುಟ್ಟ ದೀಪ ಹತ್ತಿಕೊಂಡಿತು. ಎಂಜಿನ್ನಿನ ಚಿತ್ರವಿರುವ ದೀಪ. ಮೊದಮೊದಲು ಹತ್ತಿ ಆರುತ್ತಿತ್ತು, ಆಮೇಲೆ ಆರಲೇ ಇಲ್ಲ.

"ಏನಪ್ಪಾ ಅದು, ಕಣ್ಣು ಬಿಟ್ಕೊಂಡು ನಮ್ಮನ್ನೇ ನೋಡ್ತಿದೆ?" ಎಂದು ಕೇಳಿದೆ.

"ಸುಮ್ನೆ ಹತ್ಕೊಳ್ತದೆ ಅಕ್ಕಾ. ಈಗಿನ ಗಾಡಿಗಳು ಹೊಸ ಅಳಿಯನ ಥರ, ಎಲ್ಲದಕ್ಕೂ ಮುನಿಸು. ನಿನ್ ಹತ್ರ ಬೊಟ್ಟಿದ್ರೆ ಒಂದು ಕೊಡು, ಕಣ್ಣು ಕುಕ್ತದೆ."

ನಾನು ಚೀಲದಿಂದ ಬೊಟ್ಟಿನ ಹಾಳೆ ತೆಗೆದು, ಇದ್ದುದರಲ್ಲಿ ದೊಡ್ಡದನ್ನು ಕಿತ್ತುಕೊಟ್ಟೆ. ಅವನು ಆ ದೀಪದ ಮೇಲೆ ಅಂಟಿಸಿದ. ಹದಿಮೂರು ಜನವೂ ಬಿದ್ದುಬಿದ್ದು ನಕ್ಕೆವು. ನನ್ನ ತಂಗಿಯ ಮಗಳು ಪೌನುತಾಯಿ, "ಈಗ ಲಕ್ಷಣವಾಗಿ ಕಾಣ್ತದೆ" ಎಂದಳು. ಆ ನಗು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ನಮ್ಮ ಜೀಪ್ ಸ್ಟ್ಯಾಂಡಿನಲ್ಲಿ ಇನ್ನೊಂದು ಶಾಸ್ತ್ರ ಇತ್ತು. ಶುಕ್ರವಾರ ಬಂದರೆ ಬಾನೆಟ್ ಎತ್ತಿ ಎಂಜಿನ್ನಿಗೆ ನೀರು ಹೊಡೆಯುವುದು. ಆಮೇಲೆ ಡೀಸೆಲ್ಲಿಗೆ ಹಳೆಯ ಆಯಿಲ್ ಬೆರೆಸಿ ಮೇಲೆಲ್ಲ ಸಿಂಪಡಿಸಿ ಫಳಫಳ ಮಿಂಚಿಸುವುದು. ಸ್ಟ್ಯಾಂಡಿನ ಕಾವಲುದೇವರು ಕರುಪ್ಪಸಾಮಿಗೆ ದೀಪ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುವುದು. ಎಂಜಿನ್ ಮಿಂಚಿದರೆ ಗಾಡಿ ಚೆನ್ನಾಗಿದೆ ಅಂತ ಎಲ್ಲರ ಲೆಕ್ಕ. ಮುಖಕ್ಕೆ ಎಣ್ಣೆ ಹಚ್ಚಿಕೊಂಡವನಿಗೆಲ್ಲ ಆರೋಗ್ಯ ಇರುತ್ತದೆಯೇ?

ಬೊಟ್ಟಿಟ್ಟು ಹತ್ತನೆಯ ದಿನ, ಘಾಟಿಯ ಒಂದು ಕಡಿದಾದ ತಿರುವಿನಲ್ಲಿ ಜೀಪು ಎರಡು ಸಲ ಜಗ್ಗಿತು. ಎಂಜಿನ್ ಆರಿಹೋಯಿತು. ಮೊಕ್ಕರಾಜ ಬ್ರೇಕ್ ತುಳಿದ. ಎಂಜಿನ್ ನಿಂತ ಗಾಡಿಯ ಬ್ರೇಕು ಒಂದೆರಡು ಸಲ ತುಳಿಯುವುದರೊಳಗೆ ಕಲ್ಲಾಗುತ್ತದೆ ಎಂಬುದು ನನಗೆ ಆವತ್ತು ಗೊತ್ತಾಯಿತು. ಜೀಪು ಹಿಂದಕ್ಕೆ ಜಾರತೊಡಗಿತು. ಹಿಂದೆ ತಡೆಗಲ್ಲು, ಅದರ ಆಚೆ ಏನೂ ಇಲ್ಲ.

ಪೌನು ಹಿಂಬಾಗಿಲ ಬಳಿ ಕೂರುವವಳು, ತಿರುವಿನಲ್ಲಿ ವಾಂತಿ ಬರುತ್ತದೆ ಅಂತ. ಅವಳೇ ಮೊದಲು ಹಾರಿದಳು. ಜೀಪಿನಲ್ಲಿ ಕಾಲಡಿ ಇಟ್ಟಿರುತ್ತಿದ್ದ ಮರದ ತುಂಡನ್ನು ಎಳೆದು ಚಕ್ರಕ್ಕೆ ಕೊಟ್ಟಳು. ಜೀಪು ನಿಂತಿತು. ನಾವು ಹನ್ನೆರಡು ಜನ ಉಳಿದೆವು, ಮೊಕ್ಕರಾಜ ಉಳಿದ. ಪೌನುವಿನ ಬಲಗೈಯ ಎರಡು ಬೆರಳು ಮಾತ್ರ ಮರಕ್ಕೂ ಚಕ್ರಕ್ಕೂ ನಡುವೆ ಉಳಿದವು. ದೊಡ್ಡಾಸ್ಪತ್ರೆಯಲ್ಲಿ ಅವನ್ನು ತೆಗೆಯಬೇಕಾಯಿತು.

ಏಲಕ್ಕಿ ಕೀಳುವವಳಿಗೆ ಬೆರಳೇ ಬಂಡವಾಳ. ನಾನು ಹೆಚ್ಚಿಗೆ ಹೇಳುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮೊಕ್ಕರಾಜ ಅದೇ ಜೀಪನ್ನು ಸ್ಟ್ಯಾಂಡಿಗೆ ತಂದು ನಿಲ್ಲಿಸಿದ. ಮುಂದೆ ಒಡೆದ ಬೂದುಗುಂಬಳಕಾಯಿ, ಕನ್ನಡಿಗೆ ಹೊಸ ನಿಂಬೆಹಣ್ಣಿನ ಸರ. ಮೆಕ್ಯಾನಿಕ್ಕನೊಬ್ಬ ಸೀಮೆಎಣ್ಣೆ ಹೊಡೆದು ಎಂಜಿನ್ ತೊಳೆದು, ಮೇಲೆ ಆಯಿಲ್ ಸಿಂಪಡಿಸಿ ಕೊಟ್ಟಿದ್ದನಂತೆ.

"ದೃಷ್ಟಿ ಆಗಿತ್ತು ಅಕ್ಕಾ. ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತಿದೆ. ಹತ್ತಿ, ಹೊತ್ತಾಯ್ತು."

ಹೆಂಗಸರು ಹತ್ತತೊಡಗಿದರು. ನನಗೆ ಮೈಯೆಲ್ಲ ಉರಿಯಿತು.

"ಇಳೀರೇ ಎಲ್ಲ! ಬುದ್ಧಿ ಇದೆಯಾ ನಿಮಗೆ? ಯಾರ ದೃಷ್ಟಿನೋ ಮೊಕ್ಕರಾಜಾ? ಆ ಹಾಳು ದೀಪ ಹತ್ತು ದಿನ ಕೂಗಿ ಹೇಳ್ತು. ನೀನು ಅದರ ಬಾಯಿ ಮುಚ್ಚಿದೆ. ಮುಚ್ಚೋಕೆ ಬೊಟ್ಟು ಕೊಟ್ಟೋಳು ನಾನು!"

"ಅಕ್ಕಾ, ಇವತ್ತಿನ ಕೂಲಿ ಹೋಗ್ತದೆ" ಎಂದು ನಮ್ಮ ಗುಂಪಿನ ಪೇಚ್ಚಿ ಗೊಣಗಿದಳು.

"ಕೂಲಿ ನಾಳೆ ಬರ್ತದೆ. ಪೌನು ಬೆರಳು ಯಾವತ್ತು ಬರ್ತದೆ, ಹೇಳು."

ಹತ್ತಿದವರು ಒಬ್ಬೊಬ್ಬರಾಗಿ ಇಳಿದರು. ಆಗ ರಸ್ತೆಯ ಆಚೆಯಿಂದ ಬಾತಿಮುತ್ತು ಬಂದಳು. ರಾವುತ್ತರ್ ಸಾಹೇಬರ ಮಗಳು. ಅಪ್ಪ ತೀರಿಕೊಂಡ ಮೇಲೆ ಅವರ ಗಾಡಿ ವೈರಿಂಗ್ ರಿಪೇರಿಯ ಅಂಗಡಿಯನ್ನು ಅವಳೇ ನಡೆಸುತ್ತಾಳೆ. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, "ಮೊಕ್ಕಣ್ಣಾ, ಬಾನೆಟ್ ಎತ್ತು" ಎಂದಳು.

"ನೋಡ್ಕೋ ತಂಗಿ, ಮದುಮಗನ ಥರ ಮಿಂಚ್ತಿದೆ."

"ಅದೇ ರೋಗ. ಮಿಂಚೋ ಎಣ್ಣೆ ಯಾವುದು, ಸೋರೋ ಎಣ್ಣೆ ಯಾವುದು ಅಂತ ಹೇಗೆ ಗೊತ್ತಾಗ್ಬೇಕು?"

ಅವಳು ಮೊದಲು ಬ್ಯಾಟರಿಯ ವೈರು ಕಳಚಿದಳು. ಹಳೆಯ ಬಿಳಿ ಪಂಚೆಯೊಂದನ್ನು ತುಂಡುತುಂಡಾಗಿ ಹರಿದುಕೊಂಡಳು. ಎಂಜಿನ್ನಿನ ಬದಿಯಲ್ಲಿ, ಆಯಿಲ್ ಒತ್ತಡ ನೋಡುವ ಹೆಬ್ಬೆರಳು ಗಾತ್ರದ ಸ್ವಿಚ್ ಒಂದಿತ್ತು. ಅದರ ವೈರಿಗೆ ಯಾರೋ ಬಟ್ಟೆಯ ಟೇಪು ಸುತ್ತಿದ್ದರು. ಹೊರಗೆಲ್ಲ ಒರೆಸಿ, ಪ್ಲಗ್ ಕಿತ್ತು, ಅದರ ಒಳಗೆ ಬಟ್ಟೆ ತೂರಿಸಿ ತೆಗೆದಳು. ಬಟ್ಟೆ ಕಪ್ಪಗೆ ತೊಯ್ದಿತ್ತು.

"ಅದು ನಮ್ಮ ಶುಕ್ರವಾರದ ಎಣ್ಣೆ" ಎಂದ ಮೊಕ್ಕರಾಜ, ಗೆದ್ದವನ ಹಾಗೆ.

"ಹೌದಾ? ಸರಿ ಬಾ." ಬಾತಿಮುತ್ತು ಜೀಪಿನೊಳಗೆ ಹೋಗಿ, ಡ್ರೈವರಿನ ಪಕ್ಕದ ಸೀಟಿನ ಮುಂದೆ ಬಗ್ಗಿ ಕೂತಳು. ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಇರುವುದು ಅಲ್ಲಿ. ಅದರ ದೊಡ್ಡ ಪ್ಲಗ್ ಬಿಚ್ಚಿ ಹೊಸ ಬಟ್ಟೆ ಒತ್ತಿದಳು. ಅದೂ ಕಪ್ಪಾಯಿತು. ಆ ಬಟ್ಟೆಯನ್ನು ಅವನ ಮೂಗಿನ ಹತ್ತಿರ ಹಿಡಿದಳು.

"ಇಲ್ಲಿಗೂ ಶುಕ್ರವಾರ ಸಿಂಪಡಿಸಿದ್ಯಾ ಅಣ್ಣಾ?"

ಮೊಕ್ಕರಾಜ ಬಟ್ಟೆಯನ್ನು ಮೂಸಿ ನೋಡಿದ. ಆದರೆ ಮೊಂಡ ಅಷ್ಟು ಬೇಗ ಬಗ್ಗುತ್ತಾನೆಯೇ?

"ಎಂಜಿನ್ ಎಲ್ಲಿ, ಈ ಪೆಟ್ಟಿಗೆ ಎಲ್ಲಿ? ಅಷ್ಟು ದೂರ, ಅಷ್ಟು ಎತ್ತರ. ಎಣ್ಣೆ ಕೆಳಗೆ ಹರೀತದೆ, ಮೇಲಕ್ಕೆ ಹತ್ತಲ್ಲ. ನನ್ನ ಕಿವಿಮೇಲೆ ಹೂ ಇಡ್ಬೇಡ."

"ಆ ಸ್ವಿಚ್ಚಿನ ಒಳಗಿನ ಸೀಲು ಸತ್ತಿದೆ. ಎಂಜಿನ್ ಓಡುವಾಗ ಆಯಿಲ್ ಒತ್ತಿಕೊಂಡು ಪ್ಲಗ್ಗಿಗೆ ಬರ್ತದೆ. ವೈರಿನ ಒಳಗೆ ಸಣ್ಣ ಸಣ್ಣ ಎಳೆ ಇರ್ತವೆ. ಅವುಗಳ ಸಂದಿಯಲ್ಲಿ ನೆಂದು ನೆಂದು ಮುಂದಕ್ಕೆ ಹೋಗ್ತದೆ. ಮೇಲಿಂದ ನೋಡಿದ್ರೆ ವೈರು ಒಣಗೇ ಇರ್ತದೆ."

"ತೋರ್ಸು, ನಂಬ್ತೀನಿ."

"ತೋರಿಸ್ತೀನಿ. ತೋರಿಸೋವರೆಗೂ ಈ ಜೀಪು ಘಾಟಿ ಹತ್ತಬಾರ್ದು."

ಅವಳು ಟೀ ಅಂಗಡಿಯಿಂದ ಒಂದು ಗಾಜಿನ ಲೋಟ ತಂದು ಅರ್ಧದವರೆಗೆ ಎಂಜಿನ್ ಆಯಿಲ್ ತುಂಬಿದಳು. ಒಂದು ಗೇಣು ವೈರು ಕತ್ತರಿಸಿ, ಒಂದು ತುದಿ ಎಣ್ಣೆಯಲ್ಲಿ ಮುಳುಗಿಸಿ, ಲೋಟದ ಅಂಚಿನ ಮೇಲೆ ಬಗ್ಗಿಸಿ, ಇನ್ನೊಂದು ತುದಿಯನ್ನು ಕೆಳಗೆ ಬಿಳಿ ಕಾಗದದ ಮೇಲೆ ಇಟ್ಟಳು. ಕಾಗದದ ಸಮೇತ ಲೋಟವನ್ನು ಕರುಪ್ಪಸಾಮಿಯ ಕಟ್ಟೆಯ ಮೇಲೆ ಇಟ್ಟಳು. ಯಾರೂ ಮುಟ್ಟದ ಜಾಗ ಅದು. ಆವತ್ತು ನಾವು ಕೆಲಸಕ್ಕೆ ಹೋಗಲಿಲ್ಲ. ತೋಟದ ಮೇಸ್ತ್ರಿಯ ಬೈಗುಳವನ್ನು ಫೋನಿನಲ್ಲಿ ನಾನೇ ಕೇಳಿಸಿಕೊಂಡು, ನಾಲ್ಕು ವಾಪಸ್ಸು ಕೊಟ್ಟೆ.

ಮಾರನೆಯ ಬೆಳಿಗ್ಗೆ ಎಲ್ಲರೂ ಕಟ್ಟೆಯ ಮುಂದೆ ಸೇರಿದೆವು. ಕಾಗದದ ಮೇಲೆ ಅಂಗೈಯಗಲ ಎಣ್ಣೆಯ ಕಲೆ. ವೈರಿನ ಹೊರಮೈ ಒಣಗಿತ್ತು. ಲೋಟ ನೆಟ್ಟಗೆ ನಿಂತಿತ್ತು, ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಮೊಕ್ಕರಾಜ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಮೇಲಕ್ಕೆ ಹತ್ತಿ ಇಳೀತಾ ಇದು? ಯಾರು ತಳ್ಳಿದ್ರು?"

ನನಗೆ ತಡೆಯಲಾಗಲಿಲ್ಲ. ಸಾಮಿಯ ಮುಂದೆ ಉರಿಯುತ್ತಿದ್ದ ದೀಪವನ್ನೇ ತೋರಿಸಿದೆ.

"ಲೋ, ವಾರಾ ವಾರಾ ನೀನೇ ಹಚ್ತೀಯಲ್ಲೋ ಇದನ್ನ! ಎಣ್ಣೆ ಕೆಳಗಿದೆ, ಉರಿ ಮೇಲಿದೆ. ಬತ್ತಿಯಲ್ಲಿ ಎಣ್ಣೆನ ಮೇಲಕ್ಕೆ ತಳ್ಳೋಕೆ ನಿಮ್ಮಪ್ಪ ಬರ್ತಾನಾ? ನಿನ್ನ ಜೀಪಿನ ಒಂದೊಂದು ವೈರೂ ಒಂದೊಂದು ಬತ್ತಿ ಕಣೋ. ಆ ಬತ್ತಿಯ ತುದೀಲಿ ನಾವು ಹದಿಮೂರು ಜನ ಕೂತಿದ್ವಿ!"

ಅವನು ದೀಪವನ್ನು ನೋಡಿದ, ಕಾಗದವನ್ನು ನೋಡಿದ. ಟವಲಿನಿಂದ ಮುಖ ಒರೆಸಿಕೊಂಡು ಬಾತಿಮುತ್ತುವಿನ ಕಡೆ ತಿರುಗಿದ.

"ಎಣ್ಣೆ ಸೇರಿದ್ರೆ ಎಂಜಿನ್ ಯಾಕೆ ನಿಲ್ಬೇಕು ತಂಗಿ?"

"ಎಂಜಿನ್ ಹೇಗೆ ತಿರುಗ್ತಿದೆ ಅನ್ನೋ ಸುದ್ದಿ ವೈರಿನಲ್ಲೇ ಪೆಟ್ಟಿಗೆಗೆ ಹೋಗ್ಬೇಕು. ಪ್ಲಗ್ಗಿನ ಪಿನ್ನುಗಳ ಮಧ್ಯೆ ಕೊಳೆ ಎಣ್ಣೆ ತುಂಬಿದ್ರೆ ಸುದ್ದಿ ತಲುಪಲ್ಲ, ಇಲ್ಲಾ ತಪ್ಪು ಸುದ್ದಿ ತಲುಪ್ತದೆ. ಆಗ ಗಾಡಿ ಜಗ್ತದೆ, ಸ್ಟಾರ್ಟ್ ಆಗಲ್ಲ, ಓಡ್ತಾ ಓಡ್ತಾ ನಿಲ್ತದೆ. ಅದಕ್ಕೇ ಆ ದೀಪ ಹತ್ತಿದ್ದು."

"ಸೀಮೆಎಣ್ಣೆ ಹಾಕಿ ತೊಳೆದಾಯ್ತಲ್ಲ?"

"ಅದು ಪ್ಲಗ್ಗಿನ ರಬ್ಬರ್ ಸೀಲನ್ನ ಉಬ್ಬಿಸಿ ಹಾಳು ಮಾಡ್ತದೆ. ಬರೀ ಒರೆಸಿದ್ರೂ ಆಗಲ್ಲ, ವೈರಿನೊಳಗಿನ ಎಣ್ಣೆ ನಾಲ್ಕು ದಿನಕ್ಕೆ ಮತ್ತೆ ಬರ್ತದೆ. ಮೊದಲು ಸೋರೋ ಸ್ವಿಚ್ ಬದಲಾಯಿಸ್ಬೇಕು. ಎಣ್ಣೆ ಕುಡಿದಿರೋ ವೈರು ಕಿತ್ತು ಹೊಸದು ಹಾಕ್ಬೇಕು. ಪ್ಲಗ್ಗುಗಳನ್ನ ಅದಕ್ಕಂತಲೇ ಇರೋ ಸ್ಪ್ರೇಯಿಂದ ತೊಳೆದು ಒಣಗಿಸ್ಬೇಕು. ಪೆಟ್ಟಿಗೆಯೊಳಗೆ ಎಣ್ಣೆ ಹೋಗಿದ್ಯಾ ಅಂತ ಬಲ್ಲವರ ಹತ್ರ ಬಿಚ್ಚಿ ನೋಡಿಸ್ಬೇಕು."

"ಎಷ್ಟು ದಿನ?"

"ಐದು ದಿನ. ದೀಪ ಹತ್ತಿದ ದಿನವೇ ಬಂದಿದ್ರೆ, ಬರೀ ಸ್ವಿಚ್ಚು, ಒಂದು ತುಂಡು ವೈರು. ಅರ್ಧ ದಿನದ ಕೆಲಸ."

ಅರ್ಧ ದಿನ.

ಮೊಕ್ಕರಾಜ ಜೀಪನ್ನು ಅವಳ ಅಂಗಡಿಗೆ ತಳ್ಳಿಸಿದ. ಸಂಜೆ ಪೌನುವಿನ ಮನೆಗೆ ಹೋಗಿ ಬಾಗಿಲಲ್ಲಿ ನಿಂತ. "ತಪ್ಪಾಯ್ತಮ್ಮಾ" ಎಂದ. ಪೌನು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ನನ್ನ ಹತ್ರ ಹೇಳಿ ಏನಾಗ್ಬೇಕಣ್ಣಾ? ಇವರನ್ನೆಲ್ಲ ಹತ್ತಿಸ್ಕೊಳ್ಳೋಕೆ ಮುಂಚೆ ನೋಡು. ನಾನೇ ಬಂದು ನೋಡ್ತೀನಿ" ಎಂದಳು.

ಹೇಳಿದ ಹಾಗೆ ಬಂದಳು. ಈಗ ಅವಳು ಘಾಟಿ ಹತ್ತುವುದಿಲ್ಲ, ಬೋಡಿಯಲ್ಲೇ ಏಲಕ್ಕಿ ಮಂಡಿಯಲ್ಲಿ ಎಡಗೈಯಿಂದ ಕಾಯಿ ಆರಿಸುತ್ತಾಳೆ. ಆದರೆ ಪ್ರತಿ ಶುಕ್ರವಾರ ಬೆಳಿಗ್ಗೆ ಸ್ಟ್ಯಾಂಡಿನಲ್ಲಿರುತ್ತಾಳೆ. ಎಣ್ಣೆ ಸಿಂಪಡಿಸುವ ಶಾಸ್ತ್ರ ನಿಂತಿದೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಡ್ರೈವರ್ ಪ್ಲಗ್ ಕಿತ್ತು ಬಿಳಿ ಬಟ್ಟೆ ಒತ್ತುತ್ತಾನೆ. ಆ ಬಟ್ಟೆಯನ್ನು ಪೌನು ಬಿಡಿಸಿ ನೋಡುತ್ತಾಳೆ. ಬಿಳಿ ಇದ್ದರೆ ಹೆಂಗಸರು ಹತ್ತುತ್ತಾರೆ. ಕಪ್ಪಾದರೆ ಗಾಡಿ ರಸ್ತೆಯ ಆಚೆ, ಬಾತಿಮುತ್ತುವಿನ ಅಂಗಡಿಗೆ. ಹೋದ ತಿಂಗಳು ಇನ್ನೊಬ್ಬನ ಜೀಪಿನ ಬಟ್ಟೆ ಕಪ್ಪಾಯಿತು. ಅವನು, "ಸ್ವಲ್ಪ ತಾನೇ ಅಕ್ಕಾ" ಎಂದ. ಪೌನು ಬಲಗೈ ಎತ್ತಿ ತೋರಿಸಿದಳು. ಅವನು ಗಾಡಿ ತಿರುಗಿಸಿದ. ನಿಂಬೆಹಣ್ಣು ಈಗಲೂ ಇಡುತ್ತಾರೆ. ಇಡಲಿ, ಬಟ್ಟೆ ನೋಡಿದ ಮೇಲೆ ಇಡಲಿ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ಕಾರೋ ವ್ಯಾನೋ ನನಗೆ ಗೊತ್ತಿಲ್ಲ. ಎಂಜಿನ್ ದೀಪ ಹತ್ತಿದರೆ ಅದೇ ದಿನ ತೋರಿಸಿ. ಪ್ಲಗ್ಗಿನೊಳಗೆ ಎಣ್ಣೆ ಕಂಡರೆ ಒರೆಸಿ ಸುಮ್ಮನಾಗಬೇಡಿ, ಎಲ್ಲಿಂದ ಬಂತು ಎಂದು ಕೇಳಿ. ಟೇಪು ಸುತ್ತಿ ಮುಚ್ಚುವವನನ್ನು, ಸೀಮೆಎಣ್ಣೆ ಹೊಡೆದು ಮಿಂಚಿಸುವವನನ್ನು ಬಾನೆಟ್ಟಿನ ಹತ್ತಿರ ಬಿಡಬೇಡಿ. ಕೂಲಿಗೆ, ಶಾಲೆಗೆ, ಮದುವೆಗೆ ಯಾರದೋ ಗಾಡಿ ಹತ್ತುವವರು ನೀವಾದರೆ ಹತ್ತುವ ಮುಂಚೆ ಆ ದೀಪವನ್ನು ನೋಡಿ, ನಾಚಿಕೆ ಬಿಟ್ಟು ಕೇಳಿ. ನಾನು ಕೇಳಲಿಲ್ಲ, ನಕ್ಕೆ. ದೀಪದ ಮೇಲಿಡಲು ಒಂದು ಬೊಟ್ಟು ಕೊಟ್ಟೆ. ನಮ್ಮ ಪೌನುವಿನ ಕೈಯ ಎರಡು ಬೊಟ್ಟು ಹೋದವು.