ಪಾರ್ಕಿನ ಕಡೆ ಮುಖ ಮಾಡಿದ ಹೂಗಳು

ಇನ್ನೊಂದು ಅಂಚು ಬಿಚ್ಚಿದರೆ ಮುಗಿಯಿತು, ದಾರ ಟಿಕ್ಕೆಂದು ಹರಿಯುತ್ತಿದೆ, ಪರದೆಯ ಹಳದಿ ಹೂಗಳು ತೊಡೆಯ ಮೇಲೆ ಮಗುಚಿ ಬಿದ್ದಿವೆ, ಕೂದಲು ನರೆಯುವ ತನಕ ಪರದೆ ಹೊಲಿದವಳಿಗೆ ಒಳಗು ಯಾವುದು ಹೊರಗು ಯಾವುದು ಮರೆತುಹೋಗುವುದೆಂದರೆ — ಬೆಳಿಗ್ಗೆ ಮೂರನೇ ಮಹಡಿಯ ಟೀಚರಮ್ಮ ಇದನ್ನು ಮಗುವಿನ ಹಾಗೆ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಬಂದಿದ್ದರು, ಏನಮ್ಮಾ ಇದು, ಹೂವೆಲ್ಲ ಬೀದಿಗೆ, ನನಗೆ ಬರೀ ಬಿಳೀ ಬೆನ್ನು, ಪರದೆ ಹೊಲಿಸಿದ್ದು ನಾನೋ ಪಾರ್ಕಲ್ಲಿ ಕೂತಿರೋರೋ, ಅಂದು ತಾವೇ ನಕ್ಕುಬಿಟ್ಟರು, ಅವಳಿಗೂ ನಗು ತಡೆಯಲಾಗಲಿಲ್ಲ. ಅಂಗಡಿಯ ಯಜಮಾನ ಮಾತ್ರ ನಗಲಿಲ್ಲ, ಟೀಚರಮ್ಮ ಮೆಟ್ಟಿಲಿಳಿದ ಮೇಲೆ ಗಂಟಲು ಸರಿಮಾಡಿಕೊಂಡ, ಅಕ್ಕಾ, ಮುಂದಿನ ತಿಂಗಳಿಂದ ನೀವು ಅಳತೆಗೆ ಅಂತ ಮನೆಮನೆ ಅಲೆಯೋದು ಬೇಡ, ಕಿಟಕಿ ಅಳತೆ ಅವರೇ ಫೋನಲ್ಲಿ ಕಳಿಸ್ತಾರೆ, ಆರಾಮಾಗಿ ಫ್ಯಾನ್ ಕೆಳಗೆ ಕೂತ್ಕೊಂಡು ಹೊಲೀರಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಪಾಪ, ಫ್ಯಾನ್ ತಿರುಗುತ್ತಲೂ ಇದೆ, ಆದರೆ ಫ್ಯಾನಿನ ಕೆಳಗೆ ಊರು ಎಲ್ಲಿದೆ?

ಊರೆಂದರೆ ಅವಳಿಗೆ ಕಿಟಕಿಗಳಿಂದ ಶುರುವಾದದ್ದು, ಒಳಗೆ ನಿಂತು ಅಳತೆ ತೆಗೆದುಕೊಂಡ ಮೇಲೆ ಕೆಳಗಿಳಿದು ಅದೇ ಕಿಟಕಿಯನ್ನು ಹೊರಗಿನಿಂದ ಒಮ್ಮೆ ನೋಡಲೇಬೇಕು, ನೋಡದೆ ಕತ್ತರಿ ಹಿಡಿದವಳಲ್ಲ, ಇಳಿದ ಕಾಲು ಸುಮ್ಮನಿರುತ್ತದೆಯೇ, ಈ ತಿರುವಿನಾಚೆ ಏನಿದೆ, ಅದರಾಚೆ ಏನಿದೆ — ಊರು ನೋಡಲು ಬಂದವರು ಗಡಿಯಾರದ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ, ಅವರಿಗೇನು ಗೊತ್ತು, ಸೈಕಲ್ ರಿಪೇರಿಯವರ ಗಲ್ಲಿಯಲ್ಲಿ ದಿನವಿಡೀ ಬೆಲ್ಲುಗಳನ್ನು ಪರೀಕ್ಷೆ ಮಾಡುತ್ತಾರೆ, ಅಲ್ಲಿ ನಡೆದರೆ ಎಲ್ಲರೂ ತನ್ನನ್ನೇ ದಾರಿ ಬಿಡೆಂದು ಕೇಳುತ್ತಿದ್ದಾರೆ ಅನ್ನಿಸುತ್ತದೆ, ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಕಾಂಪೌಂಡಿಗೊಂದು ಬೆಕ್ಕು, ಯಜಮಾನಿಕೆ ಅವುಗಳದ್ದೇ, ಇನ್ನು ಆ ಗುಂಡು ಪಾರ್ಕು, ಎಲ್ಲರೂ ಒಂದೇ ಕಡೆಗೆ ಸುತ್ತುವಾಗ ಒಬ್ಬಾತ ಉಲ್ಟಾ ಸುತ್ತುತ್ತಾನೆ, ಯಾಕಪ್ಪಾ ಅಂದರೆ, ಹಿಂದೆ ಹೋದ್ರೆ ಬೆನ್ನು ಕಾಣುತ್ತೆ, ಹೀಗೆ ಬಂದ್ರೆ ಮುಖ ಕಾಣುತ್ತೆ ಕಣಮ್ಮಾ. ಕೊರಿಯರ್‌ನವರಿಗೂ ಗೊತ್ತಿಲ್ಲದ ಗಲ್ಲಿ ನಿಂಗೆ ಹೇಗಮ್ಮಾ ಗೊತ್ತು, ಮಗಳು ಕಣ್ಣರಳಿಸುತ್ತಾಳೆ, ನೇರ ಮನೆಗೆ ಬರೋಕೆ ಏನು ಧಾಡಿ ನಿಂಗೆ, ಗಂಡ ಪೇಪರಿನ ಹಿಂದಿನಿಂದ, ಅಳತೆ ಇತ್ತು ರೀ ಅಂದರೆ ಅಲ್ಲಿಗೆ ಮುಗಿಯಿತು, ಕೊರಳಲ್ಲಿ ಟೇಪು ನೇತಾಡುತ್ತಿದ್ದರೆ ಯಾವ ಬೀದಿಯಲ್ಲೂ ಯಾರೂ ಮಾತಾಡಿಸುವುದಿಲ್ಲ. ಒಮ್ಮೆ ರಜೆಯ ದಿನ ಟೇಪಿಲ್ಲದೆ ಹೋಗಿದ್ದಳು, ಗೇಟಿನ ಹತ್ತಿರ ನಿಂತಿದ್ದ ಹೆಂಗಸು ಯಾರು ಬೇಕಿತ್ತು ಅಂದಳು, ಅಷ್ಟೇ, ಯಾರೂ ಬೇಕಿರಲಿಲ್ಲ ಅನ್ನಲು ನಾಲಿಗೆ ಹೊರಳದೆ ಮುಂದಿನ ಬಸ್ಸಿಗೇ ವಾಪಸು ಬಂದಿದ್ದಳು, ಪೆದ್ದಿ.

ಈ ಪರದೆಯನ್ನು ತೂಗುಹಾಕಿದ ದಿನವೂ ಕೆಳಗಿಳಿದು ಪಾರ್ಕಿನಿಂದ ನೋಡಿದ್ದಳು, ಆಗಲೇ ಗೊತ್ತಾಗಿತ್ತು, ಅಯ್ಯೋ ಹೂವೆಲ್ಲ ಹೊರಗೆ, ಹತ್ತಿ ಹೋಗಿ ಹೇಳೋಣವೆಂದು ಹೆಜ್ಜೆ ಎತ್ತಿದರೆ ಬೆಂಚಿನ ಮೇಲೊಬ್ಬ ತಾತ, ತೊಡೆಯ ಮೇಲೆ ಬಾಯಿ ಬಿಗಿಹಿಡಿದ ಮೊಮ್ಮಗಳು, ಅಲ್ನೋಡು ಪುಟ್ಟೀ ಹೂವು, ಆ ಅನ್ನು, ಇನ್ನೊಂದು ಹೂವು, ಆ — ಹೂವಿಗೊಂದು ತುತ್ತು ಒಳಗೆ ಹೋಗುತ್ತಿತ್ತು, ಬಟ್ಟಲು ಖಾಲಿಯಾಗುವವರೆಗೂ ಅವಳು ಅಲ್ಲಿಯೇ ನಿಂತಿದ್ದಳು, ಆಮೇಲೆ ಮೆಟ್ಟಿಲು ಹತ್ತುವ ಮನಸ್ಸು ಎಲ್ಲಿಂದ ಬರಬೇಕು, ಈಗ ಇದನ್ನು ತಿರುಗಿಸಿಬಿಟ್ಟರೆ ನಾಳೆ ಆ ಪುಟ್ಟಿ ತಲೆಯೆತ್ತಿದಾಗ ಕಿಟಕಿ ತುಂಬಾ ಬಿಳೀ ಬೆನ್ನು.

ಬಿಳೀ ಅಸ್ತರು ಕಳಚಿ ಕೈಗೆ ಬಂತು. ಮೂಲೆಯ ಗಂಟಿನಲ್ಲಿ ಇದೇ ಹಳದಿ ಬಟ್ಟೆ ಮಿಕ್ಕಿದೆ, ಎಳೆದು ಹಾಸಿದಳು, ಸ್ವಲ್ಪ ಜೋಡಿಸಿದರೆ ಸಾಕಾಗುತ್ತದೆ, ಒಳಗೂ ಹೂವು, ಹೊರಗೂ ಹೂವು, ಟೀಚರಮ್ಮ ಬೆನ್ನು ಹುಡುಕಿಕೊಳ್ಳಲಿ, ಮಿಷನ್ನು ಖುಷಿಯಿಂದ ಓಡುತ್ತಿದೆ, ಯಜಮಾನ ಆ ಕಡೆಯಿಂದ ಕೂಗುತ್ತಾನೆ, ಏನಕ್ಕಾ ಒಬ್ಬೊಬ್ಬರೇ ನಗ್ತಿದೀರಿ, ಏನಿಲ್ಲಪ್ಪಾ, ಫ್ಯಾನ್ ಗಾಳಿ ಚೆನ್ನಾಗಿದೆ. ನಾಡಿದ್ದು ರಜೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದು, ಗೊತ್ತಿಲ್ಲದ ಸ್ಟಾಪಿನಲ್ಲಿ ಇಳಿಯುವುದು, ಯಾರು ಬೇಕಿತ್ತು ಅಂದರೆ — ಯಾರೂ ಬೇಡ, ನಿಮ್ಮ ಬೀದಿ ನೋಡೋಕೆ ಬಂದೆ, ಅನ್ನುವುದು, ಬಾಯಲ್ಲೇ ಒಂದು ಸಲ ಅಂದು ನೋಡಿದಳು, ನಾಲಿಗೆ ಹೊರಳಿತು. ಕೊರಳಿನ ಟೇಪು ತೆಗೆದು ಮೊಳೆಗೆ ಸಿಕ್ಕಿಸಿದಳು, ಅದು ಅಲ್ಲೇ ಇರಲಿ, ಮಗಳಿಗೂ ಹೇಳುವುದು ಬೇಡ, ಗಂಡನಿಗೂ ಬೇಡ, ಹೇಳುವಂಥದ್ದೇನಿದೆ, ಸುತ್ತಾಡಿ ಬರುವಾಗ ಆ ಬೆಂಚಿನ ಹತ್ತಿರ ಒಂದು ಗಳಿಗೆ, ತಲೆಯೆತ್ತಿದರೆ ಮೂರನೇ ಮಹಡಿ, ಹೂವು, ಆ, ಇನ್ನೊಂದು ಹೂವು, ಹಳದಿ —