ನೂರಕ್ಕೆ ತೊಂಬತ್ತನಾಲ್ಕು

ಏಪ್ರಿಲ್ ಹದಿನೇಳರ ಶುಕ್ರವಾರ ಆಡಿಟ್ ಆಫೀಸಿನ ಬ್ರೀಡಾ ತನ್ನ ಕಂಪ್ಯೂಟರಿನ ಪರದೆಯನ್ನು ಕಾತ್ಯಾಯಿನಿಯ ಕಡೆಗೆ ತಿರುಗಿಸಿ, "ನಿಮ್ಮ ಹೆಸರಿಲ್ಲ, ಡಾಕ್ಟರ್," ಎಂದಳು.

"ಇನ್ನೊಂದು ಸಲ ಹುಡುಕಿ."

"ಮೂರು ಸಲ ಹುಡುಕಿದೆ. ನೀವೇ ನೋಡಿ."

ಕಾತ್ಯಾಯಿನಿ ಬಗ್ಗಿ ನೋಡಿದಳು. ಆಡಿಟ್ ಅವಳದೇ. ಶೀರ್ಷಿಕೆ ಅವಳು ಬರೆದದ್ದು, ಪಟ್ಟಿಗಳು ಅವಳು ಹಾಕಿದ್ದು, ಎರಡನೇ ಪುಟದಲ್ಲಿ ಅವಳು ಬಿಟ್ಟಿದ್ದ ಒಂದು ಅಚ್ಚಿನ ತಪ್ಪು ಕೂಡ ಹಾಗೇ ಕೂತಿತ್ತು. ಮುಖ್ಯಸ್ಥರು ಎನ್ನುವ ಜಾಗದಲ್ಲಿ ಡಾ. ಹೇಮಚಂದ್ರ ಎಂದಿತ್ತು. ಅದರ ಕೆಳಗಿನ ಸಾಲು ಖಾಲಿ.

ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಅವಳಂಥವರನ್ನು ಅಧಿಕೃತವಾಗಿ 'ಕನ್ಸಲ್ಟೆಂಟ್ ಅಲ್ಲದ ಡಾಕ್ಟರು' ಎನ್ನುತ್ತಾರೆ. ಕನ್ಸಲ್ಟೆಂಟ್ ಎಂದರೆ ಖಾಯಂ ಹುದ್ದೆಯ ಹಿರಿಯ ತಜ್ಞ. ತಾನು ಏನಲ್ಲವೋ ಅದರಿಂದಲೇ ಹೆಸರು ಪಡೆದ ನೌಕರಿ ಅದು. ವಾರ್ಡು ಕಾಯುವವರು ಅವರೇ, ವರ್ಷಕ್ಕೋ ಎರಡು ವರ್ಷಕ್ಕೋ ಕಾಂಟ್ರಾಕ್ಟ್ ಮುಗಿದು ಗಂಟುಮೂಟೆ ಕಟ್ಟುವವರೂ ಅವರೇ. ಇದರ ಜೊತೆಗೆ, ತಾವು ಇನ್ನೂ ಕಲಿಯುತ್ತಿದ್ದೇವೆ ಎಂದು ಪ್ರತಿ ವರ್ಷ ಏಪ್ರಿಲ್ ಮೂವತ್ತರೊಳಗೆ ಕಾಗದದ ಮೇಲೆ ತೋರಿಸಬೇಕು. ಐವತ್ತು ಅಂಕ, ಒಂದು ಆಡಿಟ್. ಆಡಿಟ್ ಎಂದರೆ ದುಡ್ಡಿನ ಲೆಕ್ಕವಲ್ಲ. ತಾವು ಕೊಡುವ ಚಿಕಿತ್ಸೆಯನ್ನು ತಾವೇ ಅಳೆದು, ತಿದ್ದಿ, ಮತ್ತೆ ಅಳೆಯುವುದು. ಹೆಚ್ಚಿನವರ ಕಾಗದವನ್ನು ಯಾರೂ ತೆರೆದು ನೋಡುವುದಿಲ್ಲ. ಒಂದಷ್ಟು ಜನರನ್ನು ಮಾತ್ರ ವೈದ್ಯಕೀಯ ಮಂಡಳಿಯವರು ಚೀಟಿ ಎತ್ತಿದಂತೆ ಆರಿಸಿ ಸಾಕ್ಷಿ ಕೇಳುತ್ತಾರೆ. ಈ ವರ್ಷ ಅವಳ ಚೀಟಿ ಬಂದಿತ್ತು.

ಬೇರೆ ವರ್ಷವಾಗಿದ್ದರೆ ವಿವರಣೆ ಬರೆದು ಸಮಯ ಕೇಳಬಹುದಿತ್ತು. ಈ ಸಲ ಜುಲೈನಲ್ಲಿ ಕಾರ್ಕ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ಈ ವರ್ಷದ ಕಲಿಕೆಯ ಸರ್ಟಿಫಿಕೇಟ್ ತೋರಿಸಬೇಕು ಎಂಬ ಷರತ್ತಿನ ಮೇಲೆ. ಗಂಡ ರಜತ್ ಕಾರ್ಕ್‌ನ ಔಷಧಿ ಕಂಪನಿಯಲ್ಲಿದ್ದ. ಐದು ವರ್ಷದ ತನ್ವಿ ಅವನ ಜೊತೆ. ಎರಡು ವರ್ಷದಿಂದ ಕಾತ್ಯಾಯಿನಿ ಕಿಲ್ಕೆನ್ನಿಯಿಂದ ಒಂದು ಗಂಟೆ ದೂರದ ಈ ಊರಿನ ಬಾಡಿಗೆ ಕೋಣೆಯಲ್ಲಿದ್ದು, ರಜೆ ಸಿಕ್ಕ ಶನಿವಾರ ಕಾರು ಓಡಿಸಿಕೊಂಡು ಹೋಗಿ ಮಗಳನ್ನು ನೋಡಿ ಬರುತ್ತಿದ್ದಳು. ಹೋದ ವಾರ ಮಗಳು ಫೋನಿನಲ್ಲಿ ಅಪ್ಪಟ ಕಾರ್ಕ್‌ನ ರಾಗದಲ್ಲಿ ಕೇಳಿದ್ದಳು: "ಮಮ್ಮಿ, ಆರ್ ಯೂ ಕಮಿಂಗ್ ಆರ್ ವಾಟ್?"

ಡಾಕ್ಟರುಗಳ ಕೋಣೆಯಲ್ಲಿ ಹೇಮಚಂದ್ರ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ. ದಾವಣಗೆರೆಯವನು, ಐರ್ಲೆಂಡಿಗೆ ಬಂದು ಹನ್ನೆರಡು ವರ್ಷ, ಇನ್ನೂ ಕನ್ಸಲ್ಟೆಂಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ರಿಜಿಸ್ಟ್ರಾರ್. ಅವಳು ಇಲ್ಲಿಗೆ ಬಂದ ಮೊದಲ ದಿನ ಸ್ಟೇಷನ್ನಿಗೆ ಕಾರು ತಂದವನು ಅವನೇ. ಕನ್ಸಲ್ಟೆಂಟನ್ನೂ ಇಲ್ಲಿನ ಡಾಕ್ಟರುಗಳು ಹೆಸರು ಹಿಡಿದೇ ಕರೆಯುತ್ತಾರೆ. ಕಾತ್ಯಾಯಿನಿ ಮಾತ್ರ ಹೇಮಚಂದ್ರನನ್ನು 'ಸರ್' ಎನ್ನುತ್ತಿದ್ದಳು.

"ಸರ್, ಆಡಿಟ್‌ನಲ್ಲಿ ನನ್ನ ಹೆಸರಿಲ್ಲ."

"ಯಾವ ಆಡಿಟ್?"

"ನಾನು ಮಾಡಿದ್ದು. ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಅಳೀತಾರೋ ಇಲ್ವೋ ಅಂತ ನೂರು ಚಾರ್ಟ್ ನೋಡಿದ್ದು."

"ಓ, ಅದಾ." ಅವನು ಚಾಕುವನ್ನು ತಟ್ಟೆಯ ಅಂಚಿಗೆ ಒರೆಸಿದ. "ಅದರಲ್ಲಿ ನನ್ನ ಹೆಸರು ಹಾಕಿದ್ದು ಯಾರು ತಂಗಿ?"

ಹಾಕಿದ್ದು ಅವಳೇ. ಮೈಸೂರಿನಲ್ಲಿ ಎಂಡಿ ಮಾಡುವಾಗ ಹುಡುಗರು ಏನೇ ಬರೆದರೂ ಮೇಲೆ ಗೈಡ್ ಹೆಸರು, ಆಮೇಲೆ ಸೀನಿಯರ್ ಹೆಸರು, ಕೊನೆಯಲ್ಲಿ ತಮ್ಮದು. ಯಾರೂ ಹೇಳಿಕೊಟ್ಟದ್ದಲ್ಲ, ದೊಡ್ಡವರ ಮುಂದೆ ಚಪ್ಪಲಿ ಬಿಡುವಷ್ಟು ಸಹಜವಾಗಿ ಬಂದದ್ದು. ಅಕ್ಟೋಬರಿನಲ್ಲಿ ಅರ್ಜಿ ತುಂಬುವಾಗ ಮುಖ್ಯಸ್ಥರು ಎಂಬಲ್ಲಿ ಅವನ ಹೆಸರು ಬರೆದು, ಕೆಳಗೆ ತನ್ನದು ಬರೆದು, ಒಮ್ಮೆ ನೋಡಿ ಸರ್ ಎಂದು ಅವನಿಗೇ ಕಳಿಸಿದ್ದಳು. ಇಲ್ಲಿ ಮುಖ್ಯಸ್ಥರು ಎಂದರೆ ಕೆಲಸ ಮಾಡಿದವರು ಎಂದೇ ಅರ್ಥ. ಗೌರವಕ್ಕೆಂದು ಆ ಅರ್ಜಿಯಲ್ಲಿ ಬೇರೆ ಜಾಗವಿರಲಿಲ್ಲ.

"ಕೆಳಗೆ ನಂದೂ ಇತ್ತು."

"ಇತ್ತು. ಎರಡನೇ ಸುತ್ತು ನಾನೊಬ್ಬನೇ ಮಾಡ್ದೆ. ಕನ್ಸಲ್ಟೆಂಟ್ ಆಗೋಕೆ ಸ್ಪೆಷಲಿಸ್ಟ್ ರಿಜಿಸ್ಟರಿಗೆ ಅರ್ಜಿ ಹಾಕೋವಾಗ ಸ್ವಂತ ಪ್ರಾಜೆಕ್ಟ್ ಕೇಳ್ತಾರೆ. ಹನ್ನೆರಡು ವರ್ಷ, ಒಂಬತ್ತು ಊರು. ನನಗಿಂತ ಹತ್ತು ವರ್ಷ ಚಿಕ್ಕೋರು ಕನ್ಸಲ್ಟೆಂಟ್ ಆಗಿ ಬಂದು ನನಗೆ ಇಸಿಜಿ ಓದೋದು ಹೇಳಿಕೊಡ್ತಾರೆ. ನಿನಗೆ ಇನ್ನೂ ವಯಸ್ಸಿದೆ. ಇನ್ನೊಂದು ಮಾಡ್ಕೋ."

"ಹದಿಮೂರು ದಿನದಲ್ಲಾ?"

"ಅದು ನಿನ್ನ ತಲೆನೋವು," ಎಂದು ಅವನು ಟೋಸ್ಟ್ ಕಚ್ಚಿದ.

ಸಂಜೆ ಅವಳು ಬ್ರೀಡಾ ಕೊಟ್ಟ ಪ್ರತಿಯನ್ನು ಓದಿದಳು. ಮೊದಲ ಸುತ್ತು, ಅಕ್ಟೋಬರ್: ನೂರು ಚಾರ್ಟಿನಲ್ಲಿ ಐವತ್ತೆಂಟರಲ್ಲಿ ಅಪಾಯ ಅಳೆದು ಬರೆಯುವ ಚೌಕ ತುಂಬಿದೆ. ಇದು ಅವಳ ಸಂಖ್ಯೆ. ಸುಧಾರಣೆ: ಪ್ರತಿ ಚಾರ್ಟಿನ ಮೇಲೆ ಹಳದಿ ಸ್ಟಿಕ್ಕರ್, ಹೊಸ ಡಾಕ್ಟರುಗಳಿಗೆ ಪಾಠ. ಎರಡನೇ ಸುತ್ತು, ಜನವರಿ: ನೂರಕ್ಕೆ ತೊಂಬತ್ತನಾಲ್ಕು.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಜನವರಿಯಿಡೀ ಅವಳು ಅದೇ ವಾರ್ಡಿನಲ್ಲಿದ್ದಳು. ಹಳದಿ ಸ್ಟಿಕ್ಕರನ್ನು ಕಣ್ಣಿನಿಂದ ಕಂಡಿರಲಿಲ್ಲ. ಪಾಠಕ್ಕೆಂದು ಯಾರೂ ಯಾರನ್ನೂ ಕರೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಬ್ರೀಡಾಳ ಮುಂದೆ ನಿಂತಳು. "ಅದೇ ಆಡಿಟ್‌ನ ಮೂರನೇ ಸುತ್ತು ಮಾಡಬಹುದಾ? ನನ್ನ ಹೆಸರಲ್ಲಿ?"

"ವಿಷಯಕ್ಕೆ ಒಪ್ಪಿಗೆ ಆಗಲೇ ಇದೆ, ಹೊಸದು ಬೇಡ," ಎಂದಳು ಬ್ರೀಡಾ. "ಇಪ್ಪತ್ತೊಂಬತ್ತರ ಬುಧವಾರ ಸಭೆ ಇದೆ. ಅಲ್ಲಿ ಮಂಡಿಸಿದರೆ ಅವತ್ತೇ ಕಾಗದ ಕೊಡ್ತೀನಿ. ಗ್ರ್ಯಾಂಡ್?"

"ಗ್ರ್ಯಾಂಡ್," ಎಂದಳು ಕಾತ್ಯಾಯಿನಿ. ಇಲ್ಲಿ 'ಸರಿ' ಎನ್ನಲು ಅದೇ ಮಾತು. ದನಿಯಲ್ಲಿ ಅಂಥ ಖುಷಿಯೇನೂ ಇರಲಿಲ್ಲ.

ದಿನಾ ಐದು ಗಂಟೆಗೆ ಡ್ಯೂಟಿ ಮುಗಿಸಿ, ದಾಖಲೆ ಕೋಣೆಯ ಕಬ್ಬಿಣದ ಮೇಜಿನ ಮುಂದೆ ಕೂತು, ಮಾರ್ಚಿನಲ್ಲಿ ಮನೆಗೆ ಹೋದ ರೋಗಿಗಳ ಚಾರ್ಟುಗಳನ್ನು ತೆರೆದಳು. ತನಗೆ ಬೇಕಾದ್ದನ್ನು ಆರಿಸಿದಳು ಎಂಬ ಮಾತು ಬರಬಾರದೆಂದು ಬಿಡುಗಡೆಯ ಕ್ರಮದಲ್ಲೇ ನೂರು ತೆಗೆಸಿದ್ದಳು. ಚೌಕ ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅರ್ಧ ತುಂಬಿದ್ದರೂ ಸೊನ್ನೆ. ಅರ್ಧದ್ದನ್ನು ಒಂದು ಅಂದುಕೊಳ್ಳುವ ಆಸೆ ಎಲ್ಲಿಂದ ಶುರುವಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಮೂವತ್ತೇಳನೆಯ ಚಾರ್ಟು ಎಪ್ಪತ್ತೊಂದು ವರ್ಷದ ಒಬ್ಬ ಹೆಂಗಸಿನದು. ನ್ಯುಮೋನಿಯಾ ಎಂದು ಸೇರಿ ಆರು ದಿನಕ್ಕೆ ಮನೆಗೆ ಹೋಗಿ, ಮತ್ತೆ ಹತ್ತು ದಿನಕ್ಕೆ ಶ್ವಾಸಕೋಶದಲ್ಲಿ ರಕ್ತದ ಗಡ್ಡೆಯಾಗಿ ವಾಪಸ್ಸು ಬಂದಿದ್ದರು. ಬದುಕಿದ್ದರು. ಮೊದಲ ಚಾರ್ಟಿನ ಚೌಕ ಖಾಲಿ. ಮೊದಲ ದಿನ ಪರೀಕ್ಷಿಸಿ ಸೇರಿಸಿಕೊಂಡವರ ಸಹಿ ನೋಡಿದಳು. ಕಾತ್ಯಾಯಿನಿ.

ಅವತ್ತು ತುರ್ತು ವಿಭಾಗದಲ್ಲಿ ರೋಗಿಗಳ ಟ್ರಾಲಿಗಳು ಬಾಗಿಲವರೆಗೆ ನಿಂತಿದ್ದವು ಎಂದು ನೆನಪಿಸಿಕೊಳ್ಳಲು ಹೋಗಿ ನಿಲ್ಲಿಸಿದಳು. ನೆಪಕ್ಕೆ ಹಾಳೆಯಲ್ಲಿ ಅಂಕಣವಿರಲಿಲ್ಲ. ಸೊನ್ನೆ ಬರೆದಳು. ಆಮೇಲೆ ಪಟ್ಟಿಗೆ ಇನ್ನೊಂದು ಅಂಕಣ ಸೇರಿಸಿದಳು: ಖಾಲಿ ಬಿಟ್ಟವರು ಯಾರು.

ಶುಕ್ರವಾರ ಹೇಮಚಂದ್ರ ದಾಖಲೆ ಕೋಣೆಗೇ ಬಂದ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

"ಎಷ್ಟಾಯ್ತು?"

"ಅರವತ್ತೆರಡು."

"ಅದರಲ್ಲಿ ತುಂಬಿದ್ದು?"

"ಮೂವತ್ತಾರು."

ಅವನು ಮೂಗಿನಿಂದ ಉಸಿರು ಬಿಟ್ಟ. "ಯಾತಕ್ಕೆ ಇಷ್ಟು ಒದ್ದಾಡ್ತೀಯಾ ತಂಗಿ? ನಿನಗೆ ಬೇಕಾಗಿರೋದು ಸರ್ಟಿಫಿಕೇಟ್ ತಾನೆ? ಬ್ರೀಡಾಗೆ ಒಂದು ಮೇಲ್ ಹಾಕ್ತೀನಿ, ನಿನ್ನ ಹೆಸರು ಕೈತಪ್ಪಿ ಬಿಟ್ಟುಹೋಗಿತ್ತು ಅಂತ. ಎರಡು ನಿಮಿಷ. ನಾಳೆ ಕಾರ್ಕ್‌ಗೆ ಹೋಗಿ ಮಗಳ ಜೊತೆ ಕೂತ್ಕೋ."

ಕಾತ್ಯಾಯಿನಿ ಪೆನ್ನು ಕೆಳಗಿಟ್ಟಳು. ಬೇಡವೆನ್ನಲು ಬಾಯಿ ಬರಲಿಲ್ಲ. ಅವನು ಹೇಳುತ್ತಿದ್ದುದರಲ್ಲಿ ಒಂದು ಭಾಗ ನಿಜವೇ. ಹೆಸರು ಅಲ್ಲಿ ಇರಬೇಕಾದ್ದೇ. ಅವಳ ನೂರು ಚಾರ್ಟು, ಅವಳ ಐವತ್ತೆಂಟು. ಎರಡು ನಿಮಿಷದ ಮೇಲ್, ಆಮೇಲೆ ಕಾರ್ಕ್.

"ಆ ತೊಂಬತ್ತನಾಲ್ಕು ಎಲ್ಲಿಂದ ಬಂತು ಸರ್?"

"ಯಾಕೆ?"

"ನನ್ನ ಹೆಸರು ಹಾಕಿದರೆ ಅದೂ ನಂದಾಗುತ್ತೆ. ಕೇಳಬಾರದಾ?"

"ಎಲ್ಲರೂ ಹಾಗೇ ಮಾಡೋದು. ಯಾರು ಓದ್ತಾರೆ ಇದನ್ನ?"

"ಚಾರ್ಟು ನೋಡಿದ್ರಾ ಇಲ್ವಾ?"

"ಲೇ," ಎಂದ ಹೇಮಚಂದ್ರ. ಆ ಒಂದು ಮಾತಿನಲ್ಲಿ ಸ್ಟೇಷನ್ನಿಗೆ ಕಾರು ತಂದ ಮನುಷ್ಯ ಎದ್ದು ಹೋದಂತಾಯಿತು. "ನಮ್ಮೋರು ಅಂತ ಮನೆಗೆ ಕರೆದು ಅನ್ನ ಹಾಕಿದೀನಿ. ಕಾರ್ಕ್‌ನೋರು ನಿನ್ನ ಬಗ್ಗೆ ಕಾಗದ ಬೇಕು ಅಂತ ನಮ್ಮ ಕನ್ಸಲ್ಟೆಂಟ್ ಟಿಯರ್ನಿ ಹತ್ರ ಬರ್ತಾರೆ. ಟಿಯರ್ನಿ ನನ್ನನ್ನ ಕೇಳ್ತಾಳೆ. ನಾನೇನು ಹೇಳಲಿ? ಹಿರಿಯರ ಮೇಲೆ ಚಾಡಿ ಹೇಳೋದರಲ್ಲಿ ಹುಷಾರು ಅಂತ ಹೇಳಲಾ?"

"ನೀವು ಏನು ಬೇಕಾದರೂ ಹೇಳಿ. ಮೇಲ್ ಹಾಕಬೇಡಿ."

"ಯೋಚನೆ ಮಾಡು."

"ಮಾಡ್ದೆ. ಈ ಚಾರ್ಟು ನನ್ನ ರೋಗಿದು," ಎಂದು ಮೂವತ್ತೇಳನ್ನು ಅವನ ಕಡೆ ತಳ್ಳಿದಳು. "ಚೌಕ ಖಾಲಿ ಬಿಟ್ಟಿದ್ದು ನಾನು. ತೊಂಬತ್ತನಾಲ್ಕು ಅಂತ ಬರೆದು, ಎಲ್ಲಾ ಸರಿಯಿದೆ ಅಂತ ಎಲ್ಲರನ್ನೂ ಮಲಗಿಸಿದ್ದು ನೀವು. ನನಗೆ ನನ್ನ ತಪ್ಪಿನ ಪಾಲು ಸಾಕು."

ಅವನು ಚಾರ್ಟನ್ನು ತೆರೆಯಲಿಲ್ಲ. ಬಾಗಿಲನ್ನು ಮಾತ್ರ ತೆರೆದಿಟ್ಟೇ ಹೋದ.

ಬುಧವಾರದ ಸಭೆಯಲ್ಲಿ ಹದಿನಾರು ಜನ ಇದ್ದರು. ಕನ್ಸಲ್ಟೆಂಟ್ ಟಿಯರ್ನಿ ಮುಂದಿನ ಸಾಲಿನಲ್ಲಿ ಸ್ಯಾಂಡ್‌ವಿಚ್ ಹಿಡಿದು ಕೂತಿದ್ದರು. ಬ್ರೀಡಾ ಹಾಜರಿ ಪುಸ್ತಕದ ಜೊತೆ ಮೂಲೆಯಲ್ಲಿದ್ದಳು. ಕಾತ್ಯಾಯಿನಿ ಆರು ನಿಮಿಷ ಮಾತಾಡಿದಳು. ಕೊನೆಯ ಪುಟದಲ್ಲಿ ಗ್ರಾಫಿನ ಮೂರು ಕಂಬಗಳಿದ್ದವು: ಐವತ್ತೆಂಟು, ತೊಂಬತ್ತನಾಲ್ಕು, ಐವತ್ತೇಳು.

ಟಿಯರ್ನಿ ಅಗಿಯುವುದನ್ನು ನಿಲ್ಲಿಸಿದರು. "ಎರಡು ತಿಂಗಳಲ್ಲಿ ಮೂವತ್ತೇಳು ಕುಸಿಯಿತಾ?"

"ನಾನು ಅಳೆದದ್ದು ಮೊದಲನೆಯದು ಮತ್ತು ಮೂರನೆಯದು. ಮಧ್ಯದ್ದರ ಬಗ್ಗೆ ನನಗೆ ಗೊತ್ತಿಲ್ಲ."

ಹಿಂದಿನ ಸಾಲಿನಿಂದ ಹೇಮಚಂದ್ರ ಎದ್ದ. ಅವನ ಇಂಗ್ಲಿಷು ಯಾವಾಗಲೂ ಅಚ್ಚುಕಟ್ಟು. "ಒಂದು ಪ್ರಶ್ನೆ. ಖಾಲಿ ಇರುವ ನಲವತ್ತಮೂರರಲ್ಲಿ, ನಮ್ಮ ಈ ಸಹೋದ್ಯೋಗಿ ಸ್ವತಃ ಬಿಟ್ಟದ್ದು ಎಷ್ಟು?"

ಯಾರೋ ಸಣ್ಣಗೆ ಕೆಮ್ಮಿದರು.

"ಒಂಬತ್ತು," ಎಂದಳು ಕಾತ್ಯಾಯಿನಿ. "ಎಲ್ಲರಿಗಿಂತ ಹೆಚ್ಚು. ನಿಮ್ಮದು ಏಳು. ಉಳಿದವರದೂ ಇದೆ, ಓದಲಾ?"

ಯಾರೂ ಓದು ಎನ್ನಲಿಲ್ಲ. ಟಿಯರ್ನಿ ತಿರುಗಿ ನೋಡಿದರು. "ಹೇಮಚಂದ್ರ, ಜನವರಿಯ ನೂರು ಚಾರ್ಟುಗಳ ಪಟ್ಟಿ ಎಲ್ಲಿದೆ?"

"ಚಾರ್ಟು ನೋಡಿದ್ದು ಜೂನಿಯರ್," ಎಂದ ಹೇಮಚಂದ್ರ. ಬೆರಳು ತೋರಿಸಲಿಲ್ಲ, ಗಲ್ಲವನ್ನು ಅವಳ ಕಡೆಗೆ ಎತ್ತಿದ. "ಅಂಕಿ ತಂದುಕೊಟ್ಟದ್ದು ಅವರು. ನಾನು ನಂಬಿದೆ. ತಪ್ಪು ನನ್ನದೇ."

ಮೂಲೆಯಿಂದ ಬ್ರೀಡಾ, ತಲೆ ಎತ್ತದೆ, ಬಸ್ಸಿನ ವೇಳಾಪಟ್ಟಿ ಓದುವವಳಂತೆ ಹೇಳಿದಳು: "ಜನವರಿಯ ಅರ್ಜಿಯಲ್ಲಿ ಒಂದೇ ಹೆಸರಿದೆ. ಹೋದ ವಾರ ಹಳೆಯ ಮೇಲ್‌ಗಳನ್ನು ಹುಡುಕಿ ನೋಡಿದೆ. ಇನ್ನೊಂದನ್ನು ತೆಗೆಯಲು ಹೇಳಿ ನೀವೇ ಮೇಲ್ ಮಾಡಿದ್ದೀರಿ, ಡಾಕ್ಟರ್. ಅವರು ಈ ಆಡಿಟ್‌ನಲ್ಲಿ ಭಾಗವಹಿಸಿಲ್ಲ ಅಂತ ಬರೆದಿದ್ದೀರಿ. ಪ್ರಿಂಟ್ ತರಲಾ?"

ಹೇಮಚಂದ್ರ ಕೂತ. ಟಿಯರ್ನಿ ಅರ್ಧ ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿ, "ನಾಳೆ ಎಂಟೂವರೆಗೆ ನನ್ನ ಆಫೀಸಿನಲ್ಲಿ," ಎಂದು ಅವನಿಗೆ ಹೇಳಿದರು. ಹೊರಗೆ ಹೋಗುವಾಗ ಕಾತ್ಯಾಯಿನಿಯ ಪಕ್ಕ ನಿಂತರು. "ಕೆಲಸ ಚೆನ್ನಾಗಿದೆ. ಆದರೆ ನೀನು ಮೊದಲು ನನ್ನ ಬಾಗಿಲು ತಟ್ಟಬಹುದಿತ್ತು. ಹದಿನಾರು ಜನರ ಮುಂದೆ ಬೇಕಿರಲಿಲ್ಲ."

"ಕಾಗದಕ್ಕೆ ಸಭೆ ಬೇಕಿತ್ತು."

"ಗೊತ್ತು. ಕಾರ್ಕ್‌ಗೆ ನಿನ್ನ ಬಗ್ಗೆ ಸತ್ಯ ಬರೆಯುತ್ತೇನೆ. ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡ." ಮುಖದಲ್ಲಿ ನಗುವಿರಲಿಲ್ಲ.

ಬ್ರೀಡಾ ಸಹಿ ಹಾಕಿ ಮೊಹರು ಒತ್ತಿ ಕಾಗದ ಕೊಟ್ಟಳು. ಕಾತ್ಯಾಯಿನಿ ಅದನ್ನು ಸ್ಕ್ಯಾನ್ ಮಾಡಿ ಮಂಡಳಿಗೆ ಕಳಿಸಿದಳು. ಸಂಜೆ ನಾಲ್ಕರೊಳಗೆ 'ಸಾಕ್ಷಿ ಸ್ವೀಕರಿಸಲಾಗಿದೆ' ಎಂಬ ಒಂದು ಸಾಲಿನ ಉತ್ತರ ಬಂತು. ಅದನ್ನು ಹಾಗೇ ರಜತ್‌ಗೆ ದಾಟಿಸಿದಳು. ಜುಲೈಗೆ ಕಾರ್ಕ್. ಅಲ್ಲಿಯವರೆಗೆ ಇನ್ನೂ ಹತ್ತು ವಾರ ಇದೇ ವಾರ್ಡು.

ಐದು ಗಂಟೆಗೆ ಅವಳು ರೋಗಿಗಳನ್ನು ಮುಂದಿನ ಡ್ಯೂಟಿಯವರಿಗೆ ಒಪ್ಪಿಸಬೇಕಿತ್ತು. ಅವತ್ತಿನ ಡ್ಯೂಟಿ ಹೇಮಚಂದ್ರನದು. ಅವನು ಸ್ಟೆಥಾಸ್ಕೋಪ್ ಕೊರಳಿಗೆ ಹಾಕಿಕೊಂಡು, ಪಟ್ಟಿ ಹಿಡಿದು, ಅವಳ ಕಡೆ ನೋಡದೆ ನಿಂತ. ಇಬ್ಬರೇ ಇರುವಾಗ, ಎರಡು ವರ್ಷದಲ್ಲಿ ಮೊದಲ ಸಲ ಅವಳೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದ.

"ಶುರು ಮಾಡಿ, ಡಾಕ್ಟರ್."

ಅವಳು ಶುರು ಮಾಡಿದಳು. ಒಂದನೇ ಬೆಡ್ಡು, ಹೃದಯದ ತೊಂದರೆ, ನೀರಿನಂಶ ಇಳಿಯುತ್ತಿದೆ. ಎರಡನೇ ಬೆಡ್ಡು, ಜ್ವರ ನಿಂತಿದೆ. ಮೂರನೇ ಬೆಡ್ಡು, ಇವತ್ತೇ ಸೇರಿದ ಅರವತ್ತರ ಗಂಡಸು, ಓಡಾಡುವ ಸ್ಥಿತಿಯಿಲ್ಲ, ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಬರೆದಾಗಿದೆ.

"ಬರೆದಾಗಿದೆ ಅಂತ ನೀವು ಹೇಳುತ್ತೀರಿ," ಎಂದ ಹೇಮಚಂದ್ರ. "ನಾನು ಹೇಗೆ ನಂಬಲಿ?"

"ನಂಬಬೇಡಿ. ನೋಡಿ." ಅವಳು ಚಾರ್ಟನ್ನು ಅವನ ಕೈಗೆ ಕೊಟ್ಟಳು.

ಅವನು ತೆರೆದು, ಚೌಕದ ಮೇಲೆ ಬೆರಳಿಟ್ಟು, ಪ್ರತಿ ಸಾಲನ್ನೂ ಓದಿದ. ಬೇಕೆಂದೇ ನಿಧಾನವಾಗಿ ಓದಿದ. ಅವಳು ಕಾದಳು. ಅವನು ಮುಚ್ಚಿದ ಮೇಲೆ ನಾಲ್ಕನೇ ಬೆಡ್ಡಿನ ಚಾರ್ಟು ಎತ್ತಿಕೊಂಡು, ಅದನ್ನೂ ತೆರೆದೇ ಕೊಟ್ಟಳು.